ಮೂರನೇ ದಿನದ ಡಿಟ್ಟೋಗಳು

ಕೋವಿಡ್ ಮುಗಿದ ಮೇಲಿನ ಮೊದಲ ಬೇಸಿಗೆ. ನಾನು ಆಗಲೂ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಖಾಸಗಿ ಪ್ರಯೋಗಾಲಯದಲ್ಲಿ ಕ್ಯಾಲಿಬ್ರೇಷನ್ ಎಂಜಿನಿಯರ್. ಚಂದ್ರನ ಮೇಲೆ ಓಡಾಡಬೇಕಿದ್ದ ಪುಟ್ಟ ರೋವರ್ ಒಂದರ ಎಕ್ಸ್-ರೇ ಸ್ಪೆಕ್ಟ್ರೋಮೀಟರ್ ನಮ್ಮಲ್ಲಿಗೆ ಬಂದಿತ್ತು. ಮಣ್ಣಿನಲ್ಲಿ ಯಾವ ಧಾತು ಎಷ್ಟಿದೆ ಎಂದು ತಿಳಿಸುವ ಉಪಕರಣ ಅದು.

ಗೊತ್ತಿರುವ ತೂಕವಿಟ್ಟು ತಕ್ಕಡಿಯನ್ನು ಪರೀಕ್ಷಿಸುವ ಹಾಗೆ, ಸಂಯೋಜನೆ ಗೊತ್ತಿರುವ ಕಲ್ಲಿನ ಬಿಲ್ಲೆಗಳನ್ನು ಅದರ ಮುಂದಿಟ್ಟು ಅದೇನು ಹೇಳುತ್ತದೆಂದು ನೋಡುವುದೇ ಕ್ಯಾಲಿಬ್ರೇಷನ್. ಚಳಿ ಹೆಚ್ಚಿದಂತೆ ಉಪಕರಣದೊಳಗಿನ ಡಿಟೆಕ್ಟರ್ ಅದೇ ಕಲ್ಲಿಗೆ ಬೇರೆ ಉತ್ತರ ಕೊಡುತ್ತದೆ. ಆದ್ದರಿಂದ ಗಾಳಿ ತೆಗೆದ ಚೇಂಬರಿನಲ್ಲಿಟ್ಟು, ದಿನಕ್ಕೊಂದು ಉಷ್ಣತೆಯಂತೆ ಮೂರು ದಿನ ಅಳೆಯಬೇಕಿತ್ತು. ಡಿಟೆಕ್ಟರಿನ ಮೈಗೆ ಅಂಟಿಸಿದ ಉಷ್ಣತೆಯ ಸೆನ್ಸರಿನ ಅಂಕಿಯನ್ನು ಅರ್ಧ ಗಂಟೆಗೊಮ್ಮೆ ಡಿಸ್‌ಪ್ಲೇ ನೋಡಿ ರಿಜಿಸ್ಟರಿನಲ್ಲಿ ಕೈಯಿಂದ ಬರೆಯಬೇಕು. ಬರೆಯುವವರು ರಾಜಘಟ್ಟದ ನಂಜಪ್ಪ, ನಮ್ಮ ಹಿರಿಯ ಟೆಕ್ನಿಷಿಯನ್. ಜೊತೆಗೆ ನಿಂತು ನೋಡಿ ಸಹಿ ಹಾಕಬೇಕಾದವಳು ನಾನು.

ನಂಜಪ್ಪ ಮೊದಲು ನೇಯ್ಗೆ ಕಾರ್ಖಾನೆಯಲ್ಲಿದ್ದವರು. ಅಂಕಿ ಬದಲಾಗದಿದ್ದರೆ ಕೆಳಗೆ ಮೇಲಿನದೇ ಎಂದು ಡಿಟ್ಟೋ ಗೀಟು ಎಳೆಯುವುದು ಅಲ್ಲಿಂದ ಬಂದ ರೂಢಿ. ನಾನು ಎಂದೂ ಬೇಡವೆನ್ನಲಿಲ್ಲ. ಮೂರನೇ ದಿನ, ಅತಿ ಚಳಿಯ ದಿನ, ಮೊದಲೆರಡು ಸಾಲಿನಲ್ಲಿ ಮೈನಸ್ ಮೂವತ್ತು ಎಂದಿದೆ. ಕೆಳಗೆ ಪುಟದ ತುದಿಯವರೆಗೂ ಡಿಟ್ಟೋ.

ಕೊನೆಯಲ್ಲಿ ಚೇಂಬರಿನ ಬಾಗಿಲು ತೆಗೆದಾಗ ಸೆನ್ಸರ್ ಅಂಟು ಬಿಟ್ಟು ನೇತಾಡುತ್ತಿತ್ತು. ಯಾವಾಗ ಬಿಟ್ಟಿತು? ರಿಜಿಸ್ಟರ್ ತಿರುವಿ ನೋಡಿದೆ. ಅಂಟು ಬಿಟ್ಟೊಡನೆ ಅಂಕಿ ಬದಲಾಗಬೇಕು; ಮೂರನೇ ದಿನವೆಲ್ಲ ಅದು ಅಲುಗಿಲ್ಲ, ಹಾಗಾದರೆ ಕೊನೆಗೆ ಬಿಸಿಯಾಗುವಾಗ ಬಿಟ್ಟಿರಬೇಕು ಎಂದು ತೀರ್ಮಾನಿಸಿದೆ. ಒಂದು ದಿನ ಹೆಚ್ಚು ಕೇಳಿದ್ದರೆ ಮತ್ತೆ ಅಳೆಯಬಹುದಿತ್ತು. ಕೇಳಲಿಲ್ಲ.

ಎರಡು ವರ್ಷದ ಮೇಲೆ ರೋವರ್ ಇಳಿಯಿತು. ಒಂದು ಚಾಂದ್ರ ಹಗಲು, ಅಂದರೆ ನಮ್ಮ ಹದಿನಾಲ್ಕು ದಿನ ಕೆಲಸ ಮಾಡಿ, ಸೂರ್ಯ ಮುಳುಗಿದ ಮೇಲೆ ಹೆಪ್ಪುಗಟ್ಟಿತು. ಅದು ಮಣ್ಣು ಅಳೆದದ್ದು ಬಹುಪಾಲು ಬೆಳಗಿನ ಚಳಿಯಲ್ಲಿ. ಆ ಅಂಕಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಉಪಕರಣ ರೂಪಿಸಿದ ಪ್ರೊಫೆಸರ್ ನಮ್ಮಲ್ಲಿಗೆ ಬಂದು ಆ ಪುಟದ ಮೇಲೆ ಬೆರಳಿಟ್ಟರು.

"ಈ ಡಿಟ್ಟೋ ಹಾಕೋವಾಗ ಪ್ರತಿ ಸಲ ಡಿಸ್‌ಪ್ಲೇ ನೋಡಿದ್ರಾ? ಅಷ್ಟು ಬರೆದುಕೊಡಿ ಸಾಕು. ನೋಡಿದ್ರೆ ಸೆನ್ಸರ್ ಅಂಟಿಕೊಂಡೇ ಇತ್ತು, ಮಣ್ಣೇ ಹಾಗಿದೆ ಅಂತಾಯ್ತು, ಡೇಟಾ ಉಳಿಯುತ್ತೆ. ಇಲ್ಲಾಂದ್ರೆ ಚಳಿ ಹೊತ್ತಿನದ್ದೆಲ್ಲ ಬಿಡಬೇಕು."

"ನೋಡ್ದೆ ಹಾಕ್ತೀವಾ ಸಾರ್," ಎಂದು ನಂಜಪ್ಪ ನನ್ನತ್ತ ನೋಡಿದರು.

ಹೊರಗೆ ಬಂದ ಮೇಲೆ ಕೇಳಿದೆ: "ನಿಜವಾಗಿ ನೋಡಿದ್ರಾ?"

"ಮೊದ್ಲೆರಡು ಸಲ ನೋಡ್ದೆ. ಆಮೇಲೆ... ನೋಡಿರ್ತೀನಿ."

"ನೋಡಿರ್ತೀನಿ ಅಂದ್ರೆ?"

"ನೋಡಿರ್ತೀನಿ ಅಂದ್ರೆ ನೋಡಿರ್ತೀನಿ ಕಣಮ್ಮ." ಆಮೇಲೆ, "ಊರಲ್ಲಿ ನನ್ನ ಚಂದ್ರಪ್ಪ ಅಂತ ಕರೀತಾವ್ರೆ ಮೇಡಂ. ನನ್ ಕೈ ಮುಟ್ಟಿದ್ದು ಅಲ್ಲಿಗೋಗೈತೆ. ಪ್ರತಿ ಸಲ ನೋಡಿದ್ವಿ ಅಂತ ನೀವು ಬರ್ಕೊಟ್ಬಿಡಿ, ಮುಗೀತು," ಎಂದರು.

ನನಗೆ ನೋಡಿದ ನೆನಪಿತ್ತು, ಅದೂ ಸ್ಪಷ್ಟವಾಗಿ. ಕಿಟಕಿಯ ಬಿಸಿಲು ಡಿಸ್‌ಪ್ಲೇ ಮೇಲೆ ಬಿದ್ದು ಅಂಕಿ ಕಾಣದೆ, ಅಂಗೈ ಅಡ್ಡ ಹಿಡಿದು ಓದಿದ್ದೆ. ಅದನ್ನೇ ಬರೆದುಕೊಡೋಣ ಎಂದು ಚೇಂಬರ್ ಕೋಣೆಗೆ ಹೋದೆ. ಆ ಕೋಣೆಗೆ ಕಿಟಕಿಯೇ ಇಲ್ಲ. ಆ ಹೊತ್ತಿಗೆ ಆರು ವರ್ಷ ಅಲ್ಲಿ ಕೆಲಸ ಮಾಡಿದವಳು ನಾನು. ಬೇರೆ ಯಾವುದೋ ಕೋಣೆಯ, ಬೇರೆ ಯಾವುದೋ ಮಧ್ಯಾಹ್ನವನ್ನು ತಂದು ಅಲ್ಲಿಗೆ ಜೋಡಿಸಿಕೊಂಡಿದ್ದೆ. ಮನೆಗೆ ಹೋಗಿ ದಿನಚರಿ ತೆರೆದೆ. ಆ ದಿನದ ಪುಟದಲ್ಲಿ ಒಂದೇ ಸಾಲು: "ನಂಜಪ್ಪ ಹುರುಳಿಕಾಳಿನ ಬಸ್ಸಾರು ತಂದಿದ್ದರು. ಕೆಲಸ ಸುಸೂತ್ರ."

"ಪ್ರತಿ ಸಲ ನೋಡಿದೆವೆಂದು ಹೇಳಲಾರೆ" ಎಂದು ಬರೆದು ಸಹಿ ಹಾಕಿದೆ. ಚಳಿ ಹೊತ್ತಿನ ಅಳತೆಗಳನ್ನೆಲ್ಲ ಕೈಬಿಟ್ಟರು. ಒಂದೊಂದು ಡಿಟೆಕ್ಟರಿನ ಸ್ವಭಾವ ಒಂದೊಂದು ಬಗೆ, ಇನ್ನೊಂದನ್ನು ಅಳೆದು ಇದನ್ನು ತಿದ್ದಲಾಗದು. ಇದು ಇರುವುದು ಯಾರ ಕೈಗೂ ಎಟುಕದ ಜಾಗದಲ್ಲಿ.

ನಂಜಪ್ಪ ಆ ವರ್ಷವೇ ಕೆಲಸ ಬಿಟ್ಟರು. ಕೊನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ, "ನೀವು ಸುಳ್ಳು ಹೇಳ್ಲಿಲ್ಲ, ಸರಿ. ಆದ್ರೆ ನಾವು ನೋಡಿದ್ರೂ ನೋಡಿರ್ಬೋದಲ್ವಾ ಮೇಡಂ," ಎಂದರು. ಹೌದು. ನೋಡಿರಬಹುದು. ಸರಿಯಾಗಿದ್ದ ಅಳತೆಗಳನ್ನೇ ನಾನು ಕೊಂದಿರಬಹುದು.

ಆಮೇಲೆ ನಮ್ಮಲ್ಲಿ ಡಿಟ್ಟೋ ನಿಷೇಧವಾಯಿತು. ಈಗ ಪ್ರತಿ ಸಾಲಿನಲ್ಲೂ ಅಂಕಿಯನ್ನು ನಾನೇ ಪೂರ್ತಿ ಬರೆಯುತ್ತೇನೆ. ಈ ಕೆಲಸ ಕಲಿಸಿದ ಪಾಠ ಇದೇ ಎಂದು ಈ ಮಾತನ್ನು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೊನ್ನೆ, ಹೋದ ತಿಂಗಳ ರಿಜಿಸ್ಟರ್ ತೆಗೆದು ನೋಡಿದೆ. ಸಾಲುಸಾಲಾಗಿ ಅಂಕಿಗಳು, ಎಲ್ಲವೂ ನನ್ನದೇ ಕೈಬರಹ. ಅವುಗಳಲ್ಲಿ ಒಂದನ್ನಾದರೂ ನೋಡಿ ಬರೆದದ್ದು ನನಗೆ ನೆನಪಿಲ್ಲ.