ಮಬ್ರೂಕಾಳ ಲೆಕ್ಕಕ್ಕೆ ಸಿಗದ ಚೇಳು

ನಮ್ಮ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯ ಬಾಗಿಲ ಮೇಲೆ ಭೌತ, ರಸಾಯನ, ಜೀವ ವಿಜ್ಞಾನಗಳ ಸಂಗಮ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಒಳಗೆ ಮೂರು ಮಹಡಿಯ ಪ್ರೊಫೆಸರರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಈದ್ ಬಂದಾಗ ಕೆನ್ನೆಗೆ ಕೆನ್ನೆ ತಾಗಿಸಿ, ಮರುದಿನವೇ ಮುಖ ಗಂಟಿಕ್ಕಿಕೊಳ್ಳುತ್ತಾರೆ. ಈ ಮೂರು ಮಹಡಿಗೂ ಬೇಕಾದವಳೆಂದರೆ ನೆಲಮಾಳಿಗೆಯ ಮಬ್ರೂಕಾ.

ಅವಳ ಕೆಲಸ ಸಂಶೋಧನೆಗೆಂದು ಚೇಳುಗಳ ವಿಷ ತೆಗೆಯುವುದು. ದಕ್ಷಿಣದ ಮರುಭೂಮಿಯಂಚಿನ ಗಫ್ಸಾ ಕಡೆಯ ಹೆಂಗಸು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಚಿಮಟದಲ್ಲಿ ಬಾಲ ಹಿಡಿದು, ತಂತಿ ತಾಗಿಸಿ ಸಣ್ಣ ಶಾಕ್ ಕೊಟ್ಟು, ಸಾಸಿವೆಯಷ್ಟು ಹನಿ ತೆಗೆಯುವಳು. "ಆಯ್ತು ಕಣೇ, ಮುಗೀತು, ಅಳ್ಬೇಡ" ಎಂದು ಚೇಳನ್ನು ರಮಿಸುವಳು. ಹತ್ತೊಂಬತ್ತು ವರ್ಷದಲ್ಲಿ ನಾಲ್ಕು ಸಲ ಕುಟುಕಿಸಿಕೊಂಡಿದ್ದಾಳೆ. ಆ ಹನಿಗಳ ಮೇಲೆ ಡಾಕ್ಟರೇಟ್ ಹೊಡೆದವರು ಇಪ್ಪತ್ತಾರು ಮಂದಿ. ಅವಳಿಗೆ ಸಿಹಿ ತಂದುಕೊಟ್ಟವರು ಇಬ್ಬರು.

ಹೋದ ವಸಂತದಲ್ಲಿ ರಸಾಯನದ ಮೇಡಂ ರಫೀಕಾ ಆ ವಿಷವನ್ನು ಚೇಳಿಲ್ಲದೆಯೇ, ಗಾಜಿನ ಬುರುಡೆಯಲ್ಲೇ ತಯಾರಿಸಿಬಿಟ್ಟರು. ರಾಜಧಾನಿ ಟ್ಯೂನಿಸ್‌ನಿಂದ ಆದೇಶ ಬಂತು: ಗುರುವಾರದೊಳಗೆ ಚೇಳುಗಳನ್ನು ಎಣಿಸಿ, ಫ್ರೀಜರಿಗೆ ಹಾಕಿ ಕೊಂದು, ಕೋಣೆಗೆ ಬೀಗ ಜಡಿಯಿರಿ. ಮಬ್ರೂಕಾಳ ಕೆಲಸವೂ ಅಲ್ಲಿಗೆ ಮುಗಿದಂತೆಯೇ. ಐವತ್ತನಾಲ್ಕರ ವಿಧವೆ, ಇನ್ನಾವ ಕೆಲಸ ಹುಡುಕಿಯಾಳು? ಮೇಲಿನವರ ಹತ್ತಿರ ಹೋಗಿ ಹೇಳೋಣ ಎನಿಸಿತು. ಆದರೆ ನಾನು ಭೌತದ ಮಹಡಿಯಲ್ಲಿ ದೀಪ ಕಾಯುವ ಟೆಕ್ನಿಷಿಯನ್, ನನ್ನ ಮಾತು ಯಾರು ಕೇಳುತ್ತಾರೆ?

ಬುಧವಾರ ಬೆಳಿಗ್ಗೆ ಅವಳು ನಿರ್ದೇಶಕ ಸೀ ಲಝರ್ ಎದುರು ನಿಂತಳು.

"ನಾನೂರ ಹತ್ತಿದಾವೆ, ಸಾಹೇಬ್ರೇ. ನಾನೂರ ಹನ್ನೊಂದಿರ್ಬೇಕಿತ್ತು."

"ಅಂದ್ರೆ?"

"ಒಂದು ಎಲ್ಲೋ ಓಡಾಡ್ಕೊಂಡಿದೆ. ಹಳದೀದು. ತುಂಬಿದ ಬಸುರಿ."

ಅರ್ಧ ಗಂಟೆಯೊಳಗೆ ಮೂರು ಮಹಡಿಯ ವಿಜ್ಞಾನ ಕುರ್ಚಿ ಹತ್ತಿ ನಿಂತಿತು. ಕತ್ತಲೆ ಮಾಡಿ ನೇರಳಾತೀತ ದೀಪ ಬಿಟ್ಟರೆ ಚೇಳು ಹಸಿರಾಗಿ ಹೊಳೆಯುತ್ತದೆ. ಆ ದೀಪ ಭೌತದ್ದು, ದಪ್ಪ ಕೈಗವಸು ರಸಾಯನದ್ದು, ಪ್ರತಿವಿಷದ ಸೂಜಿ ಜೀವವಿಜ್ಞಾನದ್ದು. ನಮ್ಮ ಪ್ರೊಫೆಸರ್ ನೌಫಲ್ ಒಂಬತ್ತು ವರ್ಷದ ಮೇಲೆ ರಫೀಕಾರನ್ನು ಮಾತಾಡಿಸಿದರು: "ಮೇಡಂ, ನಿಮ್ ಕುರ್ಚಿ ಮೇಲೆ ಸ್ವಲ್ಪ ಜಾಗ ಇದ್ಯಾ?"

ಲೆಕ್ಕ ತಾಳೆಯಾಗದೆ ಉಳಿದವನ್ನು ಕೊಲ್ಲುವಂತಿಲ್ಲ, ಬೀಗ ಜಡಿಯುವಂತಿಲ್ಲ. ಮೂರು ವಾರ ಹುಡುಕಿದೆವು. ಚೇಳು ಹಿಡಿಯಲು ಬರುವುದು ಮಬ್ರೂಕಾಳಿಗೆ ಮಾತ್ರ, ಹಾಗಾಗಿ ಅವಳನ್ನು ಕಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಅವಳು ಹುಡುಕುತ್ತಿದ್ದುದೂ ಪ್ರೊಫೆಸರರ ಕೋಣೆಗಳಲ್ಲೇ, ಅವರು ಚಹಾಕ್ಕೆ ಕೂರುವ ಹೊತ್ತಿಗೇ. ದೀಪ ಹಿಡಿದು ಹಿಂದೆ ಹಿಂದೆ ನಡೆದ ನನಗೆ ಅನುಮಾನ ಬಂತು.

"ಚಿಕ್ಕಮ್ಮಾ, ನಿಜ ಹೇಳು. ಆ ಚೇಳು ಇದ್ಯಾ?"

"ಬಾಯ್ಮುಚ್ಕೊಂಡು ದೀಪ ಹಿಡಿ."

ಕೊನೆಗೆ ಸೀ ಲಝರ್ ಅವಳನ್ನು ಕರೆಸಿದರು. ನಾನು ದೀಪದ ಸಮೇತ ಬಾಗಿಲಲ್ಲಿ ನಿಂತಿದ್ದೆ. ಕಳೆದುಹೋದ ಚೇಳು ಸಿಗುವವರೆಗೆ ಕೋಣೆಯೂ ಅದರ ಸಿಬ್ಬಂದಿಯೂ ಮುಂದುವರಿಯತಕ್ಕದ್ದು ಎಂಬ ಕಾಗದಕ್ಕೆ ಸಹಿ ಹಾಕಿ, ಅವಳತ್ತ ತಳ್ಳಿದರು.

"ನಾನೂ ತತಾವಿನ್ ಕಡೆಯೋನೇ, ಚೇಳುಗಳ ಮಧ್ಯಾನೇ ಬೆಳ್ದೋನು," ಎಂದರು. "ಬಸುರಿ ಚೇಳು ಇದ್ದ ಮೂಲೆ ಬಿಟ್ಟು ಅಲ್ಲಾಡಲ್ಲ."

ಮಬ್ರೂಕಾ ಕಾಗದಕ್ಕೆ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡಳು. ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು.

"ಚೆನ್ನಾಗಿ ಹುಡುಕ್ತಾ ಇರು. ನಾನು ನಿವೃತ್ತಿ ಆಗೋಕೆ ಇನ್ನೂ ಆರು ವರ್ಷ ಇದೆ. ಅದಕ್ಕೆ ಮುಂಚೆ ಆ ಚೇಳೇನಾದ್ರೂ ಸಿಕ್ಕಿಬಿಡ್ತು ಅಂದ್ರೆ, ನಿನ್ನ ಚರ್ಮ ಸುಲಿದ್ಬಿಡ್ತೀನಿ ನೋಡು."