ಪರದೆ ಕೋಣೆಯಲ್ಲಿ ಖಾರದ ಒಬ್ಬಟ್ಟು

ಮೊದಲ ಬಸಿರಿನಲ್ಲಿ ನನಗೆ ಹತ್ತಿದ ಬಯಕೆ ಮಾವಿನಕಾಯಿಯದಲ್ಲ, ಹುಣಸೆಹಣ್ಣಿನದೂ ಅಲ್ಲ. ಹೋಟೆಲಿನ ಒಬ್ಬಟ್ಟಿನದು. ಸಂಸಾರಸ್ಥ ಹೆಂಗಸರು ಹೋಟೆಲಿನ ಮಾತೆತ್ತುವುದೇ ತಪ್ಪು ಎನ್ನುತ್ತಿದ್ದ ಕಾಲ ಅದು.

ಆ ಹೋಟೆಲು ಚಾಮರಾಜಪೇಟೆಯ ಒಂದು ದೊಡ್ಡ ಬಂಗಲೆಯಲ್ಲಿತ್ತು. ಯಜಮಾನ ನಮ್ಮ ಬೆಂಗಳೂರಿನವನೇ. ಮಾರಿಷಸ್ ದ್ವೀಪಕ್ಕೆ ಬಟ್ಟೆ ವ್ಯಾಪಾರಕ್ಕೆಂದು ಹೋಗಿ, ಅಲ್ಲಿಯೇ ಹುಟ್ಟಿ ಬೆಳೆದ ನಮ್ಮ ಕಡೆಯ ಹುಡುಗಿಯನ್ನು ಮದುವೆಯಾಗಿ ಕರೆತಂದಿದ್ದ. ಅಡಿಗೆಯೆಲ್ಲ ಆಕೆಯ ಮೇಲ್ವಿಚಾರಣೆಯಲ್ಲಿ. ಅಮೃತಶಿಲೆಯ ಮೇಜು, ಬೆಳ್ಳಿ ಲೋಟ. ದೊಡ್ಡ ಅಧಿಕಾರಿಗಳು ಬರುವ ಜಾಗ. ಗಂಡಸರು ಒಳಗೆ ಕೂತು ತಿಂದು, ಹೊರಗೆ ಜಟಕಾದಲ್ಲಿ ಕಾಯುತ್ತಿದ್ದ ಹೆಂಡತಿಗೆ ಎಲೆಯಲ್ಲಿ ಕಟ್ಟಿಸಿಕೊಂಡು ಹೋಗಿ ಕೊಡುತ್ತಿದ್ದರಂತೆ. ಅದನ್ನು ನೋಡಿ ನೋಡಿ ಯಜಮಾನನ ಹೆಂಡತಿಗೆ ತಡೆಯಲಾಗಲಿಲ್ಲ. ಬಂಗಲೆಯ ಹಿಂದಿನ ಕೋಣೆಗಳಿಗೆ ದಪ್ಪ ಪರದೆ ಹಾಕಿಸಿ, ಪಕ್ಕದ ಓಣಿಯಿಂದ ಬೇರೆ ಬಾಗಿಲು ಇಡಿಸಿದಳು. ಒಂದೊಂದು ಕೋಣೆ ಒಂದೊಂದು ಸಂಸಾರಕ್ಕೆ.

ಚಿಕ್ಕಪೇಟೆಯಲ್ಲಿ ಸೀರೆ ಕೊಂಡು ಬರುವಾಗ ನನ್ನವರು ಒಮ್ಮೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಅವರು ಹೈಸ್ಕೂಲು ಮೇಷ್ಟರು, ಹೊಸದರ ಹುಚ್ಚು. ಮನೆಯಲ್ಲಿ ಗಂಡಸರ ಊಟವಾದ ಮೇಲೆ ಅಡಿಗೆಮನೆಯ ಮೂಲೆಯಲ್ಲಿ ಉಣ್ಣುತ್ತಿದ್ದ ನನಗೆ, ಗಂಡನ ಎದುರು ಕೂತು ತಿನ್ನಲು ತುತ್ತೇ ಇಳಿಯಲಿಲ್ಲ.

“ತಿನ್ನು, ಇಲ್ಲಿ ಯಾರೂ ನೋಡಲ್ಲ” ಎಂದರು.

“ನೀವು ನೋಡ್ತಾ ಇದೀರಲ್ಲ!”

ಅವರು ನಕ್ಕು ಗೋಡೆಯ ಕಡೆ ತಿರುಗಿ ಕೂತರು. ಆಗ ತಿಂದೆ. ಒಳಗೆ ಬೆಲ್ಲವಿಲ್ಲದ ಕಡಲೆಬೇಳೆಯ ಹೂರಣ, ಅರಿಸಿನ, ಹುರಿದ ಜೀರಿಗೆ. ರೇಷ್ಮೆಯಂಥ ತೆಳು ಒಬ್ಬಟ್ಟು. ಜೊತೆಗೆ ಟೊಮೇಟೊ ಗೊಜ್ಜು, ಹಸಿಮೆಣಸಿನಕಾಯಿ ಚಟ್ನಿ. ಟೊಮೇಟೊ ನಮ್ಮ ಮನೆಯ ಹೊಸಿಲು ದಾಟಿರದ ಹಣ್ಣು.

ಮುಂದೆ ನಾನು ಬಸುರಿಯಾದೆ. ನನ್ನವರು ಪರೀಕ್ಷೆಯ ಕೆಲಸಕ್ಕೆ ಮೈಸೂರಿಗೆ ಹೋದರು. ಬಸವನಗುಡಿಯ ಮನೆಯಲ್ಲಿ ಅತ್ತೆ, ಮಾವ, ನಾನು. ಊಟ ನೋಡಿದರೆ ವಾಕರಿಕೆ. ಒಂದು ಮಧ್ಯಾಹ್ನ ಜಗಲಿಯಲ್ಲಿ ಅವರೆಕಾಳು ಬಿಡಿಸುತ್ತಾ ಅತ್ತೆ ಕೇಳಿದರು:

“ಏನು ತಿನ್ಬೇಕು ಅನ್ಸತ್ತೆ ಹೇಳೇ. ಬಯಕೆ ತೀರಿಸ್ದೆ ಇದ್ರೆ ಮಗೂಗೆ ಕಿವಿ ಸೋರತ್ತೆ.”

ಆ ಹೋಟೆಲಿನ ಒಬ್ಬಟ್ಟು ಎಂದುಬಿಟ್ಟೆ. ಅತ್ತೆಯ ಕೈ ನಿಂತಿತು.

“ಹೋಟ್ಲಲ್ಲಾ? ಕಡಲು ದಾಟಿ ಬಂದೋಳ ಕೈ ಅಡಿಗೆನಾ?” ಎಂದವರು ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ, ಒಳಗಿದ್ದ ಮಾವನನ್ನು ಕೂಗಿದರು. “ಏನೂಂದ್ರೆ, ಒಂದು ಜಟಕಾ ಹೇಳಿ. ಹೋಟ್ಲು ತಿಂಡಿ ಈ ಮನೆಯೊಳಗೆ ಬರಕೂಡ್ದು. ಹುಡುಗೀನ ಅಲ್ಲಿಗೇ ಕರ್ಕೊಂಡು ಹೋಗೋಣ. ನಾನೇನೂ ಮುಟ್ಟಲ್ಲ, ಜೊತೇಲಿ ಕೂತಿರ್ತೀನಿ ಅಷ್ಟೆ.”

ಮಾವ ಕನ್ನಡಕ ತೆಗೆದು ಹೆಂಡತಿಯನ್ನು ಅಚ್ಚರಿಯಿಂದ ನೋಡಿದರು. ಆಮೇಲೆ ಪೇಟ ಸುತ್ತಿಕೊಂಡರು.

ಪರದೆ ಕೋಣೆಯಲ್ಲಿ ಅತ್ತೆ ಕುರ್ಚಿಯ ಮೇಲೆ ಚಕ್ಕಂಬಕ್ಕಲ ಹಾಕಿ, ಸೆರಗು ಬಿಗಿಯಾಗಿ ಹೊದ್ದು ಕೂತರು. ಹೋಟೆಲಿನಾಕೆ ತಾನೇ ಬಂದಳು. ಅವಳ ಕನ್ನಡದಲ್ಲಿ ತಮಿಳು ಬೆರೆತಿತ್ತು. ನನ್ನನ್ನು ನೋಡಿದ ಕೂಡಲೇ ಇದು ಬಸುರಿಯ ಬಯಕೆಯೆಂದು ಅವಳಿಗೆ ಅರ್ಥವಾಯಿತು.

“ಇದು ಯಾವ ಊರಿನ ಅಡಿಗೆಯಮ್ಮ?” ಎಂದು ಅತ್ತೆ ಗಟ್ಟಿಯಾಗಿ ಕೇಳಿದರು.

“ನಮ್ಮ ದ್ವೀಪದಲ್ಲಿ ಆಫ್ರಿಕಾದೋರು, ಫ್ರೆಂಚಿನೋರು, ನಮ್ಮೋರು ಎಲ್ಲ ಸೇರಿ ಆದ ಅಡಿಗೆ, ಅಮ್ಮಾ. ಕ್ರಿಯೋಲ್ ಅಂತಾರೆ. ಒಬ್ಬಟ್ಟು ಮಾತ್ರ ನಮ್ಮಜ್ಜಿ ಇಲ್ಲಿಂದ ಹೊತ್ಕೊಂಡು ಹೋಗಿದ್ದು. ಅಲ್ಲಿ ಅದಕ್ಕೆ ಖಾರ ಬಂತು.”

ಒಬ್ಬಟ್ಟು ಬಂತು. ನಾನು ಆಸೆಬುರುಕಿಯ ಹಾಗೆ ತಿಂದೆ, ವಾಕರಿಕೆಯ ಸುಳಿವೂ ಇರಲಿಲ್ಲ. ಮಾವ ಚೂರು ಚಟ್ನಿ ನಾಲಿಗೆಗೆ ಹಚ್ಚಿ, ಕಣ್ಣಲ್ಲಿ ನೀರು ಬಂದು, ಬಟ್ಟಲನ್ನು ದೂರ ತಳ್ಳಿದರು. ಅದು ಅತ್ತೆಯ ಮುಂದೆ ಹೋಗಿ ನಿಂತಿತು. ಅತ್ತೆ ವಾಸನೆ ನೋಡಿದರು. ಪರದೆಯ ಕಡೆ ಒಮ್ಮೆ ನೋಡಿದರು. ಒಬ್ಬಟ್ಟಿನ ಒಂದು ತುಂಡು ಮುರಿದು ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟರು. ಆಮೇಲೆ ಇನ್ನೊಂದು ತುಂಡು. ಮತ್ತೆ ಇನ್ನೊಂದು. ಹಣೆಯ ಮೇಲೆ ಬೆವರು ಮೂಡಿತು, ಮುಖ ಅರಳಿತು. ಬಟ್ಟಲು ಖಾಲಿ.

ಮಾವ ತಿನ್ನುವುದನ್ನೇ ಬಿಟ್ಟು ಅವರನ್ನು ನೋಡುತ್ತಿದ್ದರು.

“ನಿನಗೆ ಇಷ್ಟು ಖಾರ ಇಷ್ಟಾನಾ?”

“ಚಿಕ್ಕಂದಿನಿಂದ.”

“ಮನೇಲಿ ಯಾವತ್ತೂ ಖಾರ ಹಾಕಲ್ವಲ್ಲೇ ನೀನು!”

“ನಿಮಗೆ ಆಗಲ್ವಲ್ಲ.” ಅತ್ತೆ ಸಹಜವಾಗಿ, ಬೆರಳು ನೆಕ್ಕುತ್ತಾ ಹೇಳಿದರು.

ಪ್ಲೇಗಿನ ಕಾಲದಲ್ಲಿ ಪೇಟೆಯ ಮನೆ ಬಿಟ್ಟು, ಬಸವನಗುಡಿಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ಕಷ್ಟ ಸುಖ ಕಂಡ ಜೋಡಿ ಅದು. ಮದುವೆಯಾದಂದಿನಿಂದ ಮಾವ ಉಣ್ಣುವುದನ್ನು ಅತ್ತೆ ದಿನವೂ ನಿಂತು ನೋಡಿದ್ದರು. ಅತ್ತೆ ಉಣ್ಣುವುದನ್ನು ಅವರು ಆವತ್ತೇ ಮೊದಲು ನೋಡಿದ್ದು. ಮಾವ ಎದ್ದು ಪರದೆ ಸರಿಸಿ, “ತಾಯೀ, ಇನ್ನೊಂದು ಬಟ್ಟಲು ಚಟ್ನಿ ಕೊಡಿ” ಎಂದು ತಾವೇ ಕೇಳಿದರು. ಜಟಕಾದಲ್ಲಿ ವಾಪಸು ಬರುವಾಗ ಅತ್ತೆ ಆಗಾಗ ತಮ್ಮಷ್ಟಕ್ಕೆ ನಗುತ್ತಿದ್ದರು.

ಮಾರನೆಯ ದಿನ ಊಟದ ಹೊತ್ತಿಗೆ ಮಾವ ಎಲೆಯ ಮುಂದೆ ಕೂರಲಿಲ್ಲ.

“ನಿಮ್ಮಿಬ್ಬರ ಎಲೇನೂ ಹಾಕಿ.”

“ಬಡಿಸೋರು ಯಾರು ಮತ್ತೆ?” ಅತ್ತೆಗೆ ಗಾಬರಿ.

“ಪಾತ್ರೆ ಮಧ್ಯ ಇಡು. ಕೈ ಇಲ್ವೇನೆ ನನಗೆ?”

ಅತ್ತೆ ಬಾಗಿಲು ಹಾಕಿ ಚಿಲಕ ಹಾಕಿದರು. ಆಮೇಲೆ ಕೂತರು, ಆದರೂ ಅರ್ಧ ಏಳುವ ಹಾಗೆಯೇ. ದಿನ ಕಳೆದಂತೆ ಆ ಅಳುಕು ಹೋಯಿತು, ಚಿಲಕ ಹಾಕುವುದೂ ಮರೆತುಹೋಯಿತು. ಸಪ್ಪೆ ಸಾರಿನ ಪಕ್ಕದಲ್ಲಿ ಅತ್ತೆಗೆಂದೇ ಖಾರದ ಚಟ್ನಿ ಕಾಣಿಸಿಕೊಂಡಿತು. ನನಗೂ ಊಟ ಸೇರತೊಡಗಿತು.

ಮೈಸೂರಿನಿಂದ ನನ್ನವರು ಬಂದ ದಿನ ನಾವು ಮೂವರೂ ಎಲೆಯ ಮುಂದಿದ್ದೆವು. ಮಾವ ಬಗ್ಗಿ ಅತ್ತೆಯ ಎಲೆಗೆ ಅನ್ನ ಬಡಿಸುತ್ತಿದ್ದರು. ನನ್ನವರು ಪೆಟ್ಟಿಗೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತುಬಿಟ್ಟರು.

“ಏನೋ ಹಾಗೆ ನೋಡ್ತೀಯ?” ಎಂದರು ಅತ್ತೆ. “ಕೈಕಾಲು ತೊಳ್ಕೊಂಡು ಬಾ. ಅನ್ನ ಆರಿಹೋಗತ್ತೆ.”