ಬೂದುಗುಂಬಳದ ಮೇಲೆ ಕಲಿತ ಕ್ಷೌರ

ಮಲ್ಲಿಪಟ್ಟಣದಿಂದ ಎಂಟು ದಿನಕ್ಕೊಮ್ಮೆ ನಮ್ಮೂರಿಗೆ ಕ್ಷೌರ ಮಾಡಲು ಒಬ್ಬ ಅಜ್ಜ ಬರುತ್ತಿದ್ದರು. ಕತ್ತಿ ಹಿಡಿಯುವ ಮೊದಲು ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುವರು. "ಕತ್ತಿ ಕೆಲ್ಸ ಮಾಡ್ತದೆ, ಕೈ ಸುಮ್ಕಿರ್ಬೇಕು" ಎನ್ನುವುದು ಅವರ ಮಾತು.

ನನ್ನ ಗಂಡ, ಅಂದರೆ ನಿಮ್ಮ ತಾತ, ಆಗ ಮೇಷ್ಟ್ರು. ಆಲೆಮನೆಯ ಗಾಣಕ್ಕೆ ಬಲಗೈ ಸಿಕ್ಕಿದ ಮೇಲೆ ದಿನವೂ ಗಡ್ಡ ಹೆರೆದುಕೊಳ್ಳಲು ಅವರಿಗೆ ಆಗುತ್ತಿರಲಿಲ್ಲ. ಕುರುಚಲು ಮುಖದಲ್ಲಿ ಮಕ್ಕಳೆದುರು ನಿಲ್ಲಲಾರೆನೆಂದು ಶಾಲೆಯನ್ನೇ ಬಿಟ್ಟು ಕೂತರು. ನಾನೇ ಹೆರೆಯೋಣವೆಂದರೆ, ಹೆಂಗಸು ಕ್ಷೌರದ ಕತ್ತಿ ಮುಟ್ಟಬಾರದೆಂದು ನಮ್ಮತ್ತೆಯ ಕಟ್ಟುನಿಟ್ಟು. ಅತ್ತೆ ಹೊಲಕ್ಕೆ ಹೋದಾಗ ಅಜ್ಜ ಹಿತ್ತಿಲಲ್ಲಿ ನನ್ನ ಮುಂದೆ ಬೂದುಗುಂಬಳ ಇಟ್ಟು, ಸಿಪ್ಪೆಗೆ ಗೀರು ಬೀಳದಂತೆ ಬೂದಿಯನ್ನಷ್ಟೇ ಹೆರೆಯಲು ಕಲಿಸಿದರು. ಮೂರನೆಯ ಸಲ ಬಂದಾಗ ತಮ್ಮ ಮುಖಕ್ಕೇ ಸೋಪು ಬಳಿದುಕೊಂಡು ಕೂತರು.

ನಾನು ಅವರ ಗದ್ದ ಕೊಯ್ದುಬಿಟ್ಟೆ. ಅಜ್ಜ ಕತ್ತಿ ಇಸಿದುಕೊಂಡು ಪಟಿಕ ಒತ್ತಿಕೊಳ್ಳುವಷ್ಟರಲ್ಲಿ ಅತ್ತೆ ಬಂದರು.

"ಏನಯ್ಯಾ, ಊರೋರ ಗಡ್ಡ ಹೆರೆಯೋನು ನಿನ್ ಗದ್ದಾನೇ ಕುಯ್ಕೊಂಡಿದೀಯ?"

"ವಯಸ್ಸಾಯ್ತು ಕಣವ್ವ, ಕೈ ನಡುಗ್ತದೆ. ಮೇಷ್ಟ್ರ ಕುತ್ಗೆ ತಾವ ಕತ್ತಿ ಇಕ್ಕಕೆ ನಂಗೇ ಭಯ. ನಿಮ್ ಸೊಸೆಗೇ ಏಳ್ಕೊಡ್ಲಾ?"

ಅತ್ತೆ ಆ ರಕ್ತವನ್ನು ನೋಡಿ, "ಏಳ್ಕೊಡು" ಎಂದರು.

ಅಜ್ಜ ತಮ್ಮದೊಂದು ಹಳೆಯ ಕತ್ತಿಯನ್ನು ನನಗೆ ಕೊಟ್ಟರು. ನಿಮ್ಮ ತಾತ ಮತ್ತೆ ಶಾಲೆಗೆ ಹೋದರು. ಅಜ್ಜನ ಕೈ ನಡುಗುತ್ತದೆಂಬ ಸುದ್ದಿ ಅತ್ತೆಯ ಬಾಯಿಂದ ಹಬ್ಬಿ, ಊರಿನ ಕೆಲವರು ಅವರ ಮುಂದೆ ಕೂರುವುದನ್ನೇ ನಿಲ್ಲಿಸಿದರು. ಅಜ್ಜ ಮಾತ್ರ ನಮ್ಮ ಜಗಲಿ ದಾಟುವಾಗ, "ಕೈ ಸುಮ್ಕಿರ್ತದಾ, ಅವ್ವ?" ಎಂದು ಕೇಳಿಕೊಂಡು ಹೋಗುತ್ತಿದ್ದರು.